ತಿರುವಿ ಇಟ್ಟು ನೋಡಿ

ಕಾಫಿ ಕೋಣೆಯ ಕಿಟಕಿಗೆ ನಾನೇ ಮಾಡಿದ ಕದ ಮುಚ್ಚುತ್ತಿರಲಿಲ್ಲ. ಮೇಲೆ ಕಿರುಬೆರಳಿನ ಉಗುರು ತೂರುವಷ್ಟು ಸಂದು, ಕೆಳಗೆ ಚೌಕಟ್ಟಿಗೆ ಉಜ್ಜಾಟ. ಅದು ಜೂನ್ ಕೊನೆ, ಕೊಡಗಿನ ಮಾದಾಪುರದ ಕಡೆ ಮಳೆ ಹಿಡಿದು ಹತ್ತು ದಿನವಾಗಿತ್ತು. ಮರ ನೀರು ಕುಡಿದು ಉಬ್ಬಿದೆ ಎಂದುಕೊಂಡೆ. ಕದ ಕಳಚಿ ಕೆಳಗಂಚಿಗೆ, ಮರ ಹೆರೆಯುವ ಹತ್ತರಿ ಹೊಡೆದು ಮತ್ತೆ ಕೂರಿಸಿದೆ. ಈಗ ಇನ್ನೊಂದು ಮೂಲೆ ಉಜ್ಜತೊಡಗಿತು. ಹೀಗೆ ಮೂರು ಸಲ. ಪ್ರತಿ ಸಲವೂ ಕದ ಸ್ವಲ್ಪ ಸಣ್ಣದಾಯಿತೇ ಹೊರತು ಸರಿಯಾಗಲಿಲ್ಲ.

ಮಾಡಿನ ಪಕಾಸಿ ಬದಲಿಸಲು ಬಂದಿದ್ದ ಆಚಾರಿ ಅದನ್ನು ನೋಡಿದರು. ಕದ ಮುಟ್ಟಲೇ ಇಲ್ಲ. "ನಿಮ್ಮ ಮಟ್ಟ ತನ್ನಿ" ಎಂದರು. ಪೇಟೆಯಲ್ಲಿ ಕೊಂಡ ಮೂಲೆಮಟ್ಟ, ಅಂಚಿಗೆ ಲಂಬವಾಗಿ ಗೀಟು ಎಳೆಯುವ ಸಾಧನ. ಮರದ ಹಿಡಿ, ಕಬ್ಬಿಣದ ಅಲಗು, ಹೊಸತು. ಅವರು ಪ್ಲೈವುಡ್ ತುಂಡಿನ ಅಂಚಿಗೆ ಮಟ್ಟದ ಹಿಡಿಯನ್ನು ಒತ್ತಿ, ಸೀಸದಕಡ್ಡಿಯಲ್ಲಿ ಒಂದು ಗೀಟು ಎಳೆದರು. ಆಮೇಲೆ ಮಟ್ಟವನ್ನು ಮಗುಚಿ, ಅದೇ ಅಂಚಿಗೆ ಇನ್ನೊಂದು ಕಡೆಯಿಂದ ಒತ್ತಿ, ಅದೇ ಚುಕ್ಕೆಯಿಂದ ಇನ್ನೊಂದು ಗೀಟು. ಬುಡದಲ್ಲಿ ಎರಡೂ ಒಂದೇ. ತುದಿಯಲ್ಲಿ ಕತ್ತರಿಯ ಬಾಯಿಯ ಹಾಗೆ ತೆರೆದುಕೊಂಡಿದ್ದವು. "ಮಳೆಯದ್ದಲ್ಲ. ಇದರದ್ದು" ಎಂದು ಮಟ್ಟವನ್ನು ನನ್ನ ಕೈಗೆ ಕೊಟ್ಟು ಏಣಿ ಹತ್ತಿದರು.

ಅವರು ಹೋದ ಮೇಲೆ ಅಳೆದೆ. 15 ಸೆಂಟಿಮೀಟರ್ ಉದ್ದದ ಗೀಟಿನ ತುದಿಯಲ್ಲಿ 1 ಮಿಲಿಮೀಟರ್ ಅಂತರ. ಮಗುಚಿದಾಗ ತಪ್ಪು ಎರಡರಷ್ಟಾಗಿ ಕಾಣುವುದರಿಂದ ನಿಜವಾದ ತಪ್ಪು ಅದರ ಅರ್ಧ, ಅರ್ಧ ಮಿಲಿಮೀಟರ್. ಕಣ್ಣಿಗೆ ಏನೂ ಅಲ್ಲ. ಆದರೆ ಅದೇ ಓರೆಯನ್ನು 120 ಸೆಂಟಿಮೀಟರ್ ಎತ್ತರದ ಕದಕ್ಕೆ ಎಳೆದುಕೊಂಡು ಹೋದರೆ 4 ಮಿಲಿಮೀಟರ್. ಉಗುರು ತೂರುತ್ತಿದ್ದ ಸಂದು ಅಷ್ಟೇ ಇತ್ತು. ಹತ್ತು ದಿನ ಮಳೆಯನ್ನು ಬೈದಿದ್ದೆ.

ಸಂಜೆ ಚಹಾ ಕುಡಿಯುವಾಗ, ಯಾವ ಮಟ್ಟ ಕೊಳ್ಳಲಿ ಎಂದು ಕೇಳಿದೆ. "ಕೊಳ್ಳೋದ್ಯಾಕೆ, ನಿಮ್ಮ ಸೌದೆ ರಾಶಿಯಲ್ಲಿ ಇಲ್ವಾ" ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರ ಚೀಲದಲ್ಲಿದ್ದ ಮಟ್ಟ, ಗೇಜು, ಕೈವಾರ ಎಲ್ಲವೂ ಅವರೇ ಮಾಡಿಕೊಂಡವು ಎಂದು ಮರುದಿನ ಗೊತ್ತಾಯಿತು.

ನಮ್ಮಲ್ಲಿ ಕಣದ ಹಿಂದೆ ತಗಡಿನ ಚಾವಣಿಯ ಕೆಳಗೆ ಒಂದು ರಾಶಿಯಿದೆ. ಕೊಡಗಿನ ಯಾವ ಸಣ್ಣ ಬೆಳೆಗಾರನ ಮನೆಗೆ ಹೋದರೂ ಅಂಥದ್ದೊಂದು ಇರುತ್ತದೆ. ಬಿದ್ದ ನೆರಳುಮರದ ಹೋಳು, ಮುರಿದ ಬೆಂಚಿನ ಕಾಲು, ಯಾವುದೋ ಬಾಗಿಲಿನ ಅಡ್ಡಪಟ್ಟಿ. ಒಲೆಗೆ ಹೋಗುವ ಮೊದಲಿನ ತಂಗುದಾಣ. ಆ ಮಳೆಗಾಲ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಹತ್ತರಿಯಲ್ಲಿ ಒಂದೆರಡು ಎಳೆ ತೆಗೆದು ನೋಡಿದೆ. ಹೊರಗೆ ಬೂದಿ ಬಣ್ಣದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಒಂದು ಎಳೆ ತೆಗೆದರೆ ಪ್ರತಿ ಮರವೂ ತನ್ನ ಹೆಸರು ಹೇಳುತ್ತದೆ.

ಸಿಲ್ವರ್ ಓಕ್ ಎಲ್ಲಕ್ಕಿಂತ ಹೆಚ್ಚು. ಆಸ್ಟ್ರೇಲಿಯಾದಿಂದ ಬಂದ ಮರ, ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಿದ್ದು. ಪ್ಯಾಕಿಂಗ್ ಪೆಟ್ಟಿಗೆಗೂ ಪ್ಲೈವುಡ್ಡಿಗೂ ಹೋಗುವ ಅಗ್ಗದ ಮರ ಎಂದು ನಾವೇ ತಾತ್ಸಾರ ಮಾಡುತ್ತೇವೆ. ಆದರೆ ದಿಮ್ಮಿಯ ನಡುವಿನಿಂದ ಹೊರಕ್ಕೆ ನೇರವಾಗಿ ಸೀಳಿದ ಹಲಗೆಯ ಮೈ ನೋಡಿ, ಮೀನಿನ ಹುರುಪೆಯ ಹಾಗೆ ಮಿನುಗುತ್ತದೆ. ಹಗುರ, ಹತ್ತರಿಗೆ ಸಲೀಸು. ಅದರ ಹುಡಿ ಕೆಲವರ ಚರ್ಮಕ್ಕೆ ಆಗದು, ಕೆಂಪಾಗಿ ತುರಿಸುತ್ತದೆ. ತೋಳು ತುಂಬಿದ ಅಂಗಿ ಹಾಕಿಕೊಂಡೇ ಕೆಲಸ ಮಾಡಬೇಕು.

ಹಲಸು ಇತ್ತು. ಅದು 2018ರದ್ದು. ಆ ಆಗಸ್ಟ್‌ನಲ್ಲಿ ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದಾಗ ನಮ್ಮ ಮನೆ ಉಳಿಯಿತು, ಕೊಟ್ಟಿಗೆ ಉಳಿಯಲಿಲ್ಲ. ಕೆಸರಿನಿಂದ ಎಳೆದು ತೆಗೆದ ಅದರ ಬಾಗಿಲಿನ ಚೌಕಟ್ಟು ಹಲಸಿನದು. ವರ್ಷಗಟ್ಟಲೆ ಒಣಗಿದ್ದರಿಂದ ಇನ್ನು ಅದು ಹೆಚ್ಚು ಅಲುಗಾಡುವುದಿಲ್ಲ. ಮೇಲಿನ ಪದರ ತೆಗೆದರೆ ಒಳಗೆ ಇನ್ನೂ ಅರಿಸಿನದ ಹಳದಿ, ಬೆರಳಿಗೆ ಬಣ್ಣ ಅಂಟುತ್ತದೆ.

ಬೀಟೆಯದು ಒಂದೇ ತುಂಡು, ಮುರಿದ ಮಂಚದ ಕಾಲು. ಬೀಟೆ ಮರ ನಮ್ಮದೇ ತೋಟದಲ್ಲಿ ಗಾಳಿಗೆ ಬಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಯ್ದು ಸಾಗಿಸುವಂತಿಲ್ಲ. ಆದ್ದರಿಂದ ಹಳೆಯ ಪೀಠೋಪಕರಣದ ಇಂಥ ತುಂಡು ಸಿಕ್ಕಿದರೆ ಒಲೆಗೆ ಹಾಕಬೇಡಿ, ದಯವಿಟ್ಟು.

ಇನ್ನು ಕಾಫಿ. ಹಳೆ ರೊಬಸ್ಟಾ ಗಿಡಗಳನ್ನು ಕಿತ್ತು ಮರುನಾಟಿ ಮಾಡಿದಾಗ ಬುಡಗಳು ರಾಶಿ ಬೀಳುತ್ತವೆ. ಎಲ್ಲರೂ ಸೌದೆ ಮಾಡುತ್ತಾರೆ, ಚೆನ್ನಾಗಿ ಉರಿಯುತ್ತದೆ ಕೂಡ. ಆದರೆ ಮುಷ್ಟಿ ಗಾತ್ರದ ಕಾಫಿ ಬುಡವನ್ನು ಉದ್ದಕ್ಕೆ ಎರಡು ಸೀಳಾಗಿಸಿ, ಕೊನೆಗಳಿಗೆ ಹಳೆ ಪೇಂಟ್ ಬಳಿದು, ಒಲೆಯ ಹತ್ತಿರವಲ್ಲ, ನೆರಳಲ್ಲಿ ಒಂದು ವರ್ಷ ಬಿಡಿ. ಇಡಿಯಾಗಿ ಬಿಟ್ಟರೆ ಬಿರುಕು ಬಿಡುತ್ತದೆ. ಸೀಳಿ ಒಣಗಿಸಿದ್ದು ದಂತದ ಹಾಗೆ ನುಣ್ಣಗೆ, ಗಟ್ಟಿ, ನಾರಿನ ಎಳೆ ಎಲ್ಲಿದೆ ಎಂದು ಹುಡುಕಬೇಕು. ಒಂದು ಗೇಣಿಗಿಂತ ಉದ್ದದ ನೇರ ತುಂಡು ಸಿಗುವುದು ಕಷ್ಟ. ಗುರುತು ಹಾಕುವ ಸಾಧನಗಳಿಗೆ ಒಂದು ಗೇಣು ಸಾಕು.

ಮಟ್ಟ ಮಾಡಲು ಮೊದಲು ನೇರವಾದ ಅಂಚೊಂದು ಬೇಕು. ಸ್ಟೀಲಿನ ಪಟ್ಟಿ ತರಬಹುದು. ಅದು ನೇರ ಎಂದು ಯಾರು ಹೇಳಬೇಕು? ಒಮ್ಮೆ ಮೋಸ ಹೋದವನಿಗೆ ಈ ಪ್ರಶ್ನೆ ಬಿಡುವುದಿಲ್ಲ. ಆಚಾರಿ ತೋರಿಸಿದ ದಾರಿ ಇದು: ಒಂದಲ್ಲ, ಮೂರು ಪಟ್ಟಿ ಮಾಡಿ. ಕೊಟ್ಟಿಗೆಯ ಹಲಸಿನ ಚೌಕಟ್ಟನ್ನು ಸೀಳಿ ಎರಡಡಿ ಉದ್ದದ ಮೂರು ಪಟ್ಟಿ ತೆಗೆದೆ. ಅ, ಆ, ಇ ಎಂದು ಬರೆದುಕೊಂಡೆ. ಅ ಮತ್ತು ಆ ಪಟ್ಟಿಗಳ ಅಂಚನ್ನು ಒಂದರ ಮೇಲೊಂದು ಇಟ್ಟು ಹಿಂದಿನಿಂದ ಬೆಳಕು ಹಿಡಿದು ನೋಡಬೇಕು, ಬೆಳಕು ನುಸುಳುವಲ್ಲಿ ತಗ್ಗು, ಮುಟ್ಟುವಲ್ಲಿ ಉಬ್ಬು. ಉಬ್ಬನ್ನು ಹತ್ತರಿಯಿಂದ ತೆಗೆಯುತ್ತ ಹೋದರೆ ಒಂದು ಹೊತ್ತಿಗೆ ಬೆಳಕು ಪೂರ್ತಿ ನಿಲ್ಲುತ್ತದೆ.

ಆದರೂ ಅವು ನೇರ ಎಂದೇನಿಲ್ಲ. ಅ ಬೆನ್ನು ಬಾಗಿದ್ದು, ಆ ಅದಕ್ಕೆ ತಕ್ಕ ಹಾಗೆ ಹೊಟ್ಟೆ ಒಳಗಾಗಿದ್ದರೂ ಬೆಳಕು ನುಸುಳದು. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿದಂತೆ. ಮೂರನೆಯದು ಬೇಕಾಗುವುದು ಇಲ್ಲಿ. ಇ ಪಟ್ಟಿಯನ್ನೂ ಅ ಪಟ್ಟಿಗೇ ಹೊಂದಿಸಿದರೆ ಅದರ ಹೊಟ್ಟೆಯೂ ಒಳಗಾಗುತ್ತದೆ. ಈಗ ಆ ಮತ್ತು ಇ ಎರಡನ್ನು ಎದುರುಬದುರು ಇಡಿ, ಎರಡೂ ತಗ್ಗು, ನಡುವೆ ಎರಡರಷ್ಟು ಬೆಳಕು. ಅಡಗಿ ಕೂರಲು ತಪ್ಪಿಗೆ ಜಾಗವಿಲ್ಲ. ಎರಡರಿಂದಲೂ ಅರ್ಧರ್ಧ ತಿದ್ದಿ, ಮತ್ತೆ ಅ ಪಟ್ಟಿಗೆ ಬಂದು, ಸುತ್ತು ಮುಂದುವರಿಸಬೇಕು. ನಡುನಡುವೆ ಒಂದನ್ನು ತುದಿಮೊದಲು ಬದಲಿಸಿ ಇಟ್ಟು ನೋಡುವುದನ್ನೂ ಮರೆಯಬಾರದು. ಯಾವ ಎರಡನ್ನು ಜೋಡಿಸಿದರೂ ಬೆಳಕು ನಿಂತಾಗ, ಮೂರೂ ನೇರ. ಬೇರೆ ಸಾಧ್ಯತೆಯೇ ಇಲ್ಲ.

ಲೋಹದ ಫಲಕಗಳನ್ನು ಹೀಗೇ ಮೂರು ಮೂರಾಗಿ ಒಂದಕ್ಕೊಂದು ಹೊಂದಿಸಿ ಸಮತಟ್ಟು ಮಾಡುವ ಬಗೆಯನ್ನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯೊಂದರಲ್ಲಿ ವಿವರಿಸಿದ್ದ. ಯಂತ್ರಯುಗದ ನಿಖರತೆ ನಿಂತದ್ದು ಇಂಥ ಫಲಕಗಳ ಮೇಲೆ. ಅದನ್ನು ನಾನು ಓದಿದ್ದು ಆಮೇಲೆ. ಆ ರಾತ್ರಿ ನನ್ನ ಮುಂದಿದ್ದದ್ದು ಮೂರು ಹಲಸಿನ ಪಟ್ಟಿ, ಮೂರು ದಿನದಿಂದ ಕರೆಂಟಿಲ್ಲದ ಮನೆ, ಪಟ್ಟಿಗಳ ಹಿಂದೆ ಹಿಡಿದ ಮೊಬೈಲ್ ಟಾರ್ಚು. ಹೊರಗಿನಿಂದ ಯಾವ ನೇರವನ್ನೂ ತರದೆ, ಮೂರು ಸೊಟ್ಟಗಳಿಂದಲೇ ನೇರ ಹುಟ್ಟಿತು. ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ ಇದು.

ಅದಾದ ಮೇಲೆ ಮಟ್ಟ ಕಷ್ಟವಾಗಲಿಲ್ಲ. ಹಿಡಿಗೆ ಒಂದೇ ದಪ್ಪ ತುಂಡಿನಲ್ಲಿ ಸೀಳು ಕೊಯ್ಯುವ ಬದಲು ಮೂರು ತೆಳು ತುಂಡು ಅಂಟಿಸಿದೆ. ನಡುವಿನದು ಅಲಗಿನಷ್ಟೇ ದಪ್ಪ, ಅಲಗಿನ ಅಗಲದಷ್ಟು ಮೋಟು. ಅಂಟಿಸಿದಾಗ ಸೀಳು ತಾನಾಗಿ ಬಿಟ್ಟುಕೊಂಡಿರುತ್ತದೆ. ಅಲಗಿಗೆ ನಡುವಿನಿಂದ ಸೀಳಿದ ಆ ಮಿನುಗುವ ಸಿಲ್ವರ್ ಓಕ್, 6 ಮಿಲಿಮೀಟರ್ ದಪ್ಪ, 45 ಅಗಲ. ಹಾಗೆ ಸೀಳಿದ ಹಲಗೆ ಅಗಲದಲ್ಲಿ ಹಿಗ್ಗಿ ಕುಗ್ಗುವುದು ಸಾಮಾನ್ಯ ಹಲಗೆಯ ಹೆಚ್ಚುಕಡಿಮೆ ಅರ್ಧದಷ್ಟು. ನಾರಿನ ಎಳೆಯ ಉದ್ದಕ್ಕೆ ಯಾವ ಮರವೂ ಹೆಚ್ಚು ಅಲುಗುವುದಿಲ್ಲ. ಫೆವಿಕಾಲ್ ಹಚ್ಚಿ, ಮಳೆಗಾಲವಾದ್ದರಿಂದ ಎರಡು ರಾತ್ರಿ ಬಿಗಿದಿಟ್ಟೆ. ಆಮೇಲೆ ಆಚಾರಿಯ ಪರೀಕ್ಷೆ: ಗೀಟು, ಮಗುಚು, ಗೀಟು. ತೆರೆದುಕೊಂಡ ಕಡೆ ಅಲಗಿನ ಅಂಚಿನಿಂದ ಒಂದು ಎಳೆ ತೆಗೆ. ಮತ್ತೆ. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ಎರಡು ಗೀಟು ಒಂದರ ಮೇಲೊಂದು ಬಿದ್ದು ಒಂದೇ ಆದವು.

ಗೀಟು ಎಳೆಯಲು ಸೀಸದಕಡ್ಡಿ ಬಿಟ್ಟು ಚಾಕು ಹಿಡಿದದ್ದೂ ಆಗಲೇ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು, ಒಂದೇ ಬದಿಗೆ ಸಾಣೆ, ಇನ್ನೊಂದು ಬದಿ ಚಪ್ಪಟೆ, ಹಿಡಿಗೆ ಎರಡು ಕಾಫಿ ಚೂರು. ಚಪ್ಪಟೆ ಬದಿ ಮಟ್ಟಕ್ಕೆ ಒರಗಿ ಹೋಗಬೇಕು. ಸೀಸದ ಗೀಟಿಗೆ ದಪ್ಪವಿದೆ, ಗೀಟಿನ ಈ ಕಡೆಯೋ ಆ ಕಡೆಯೋ ಎಂಬ ಅನುಮಾನವಿದೆ. ಚಾಕುವಿನ ಗೀರಿಗೆ ಅದಿಲ್ಲ, ಉಳಿಯ ತುದಿ ಅದರಲ್ಲಿ ತಾನಾಗಿ ಬಂದು ಕೂರುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿ ಗೇಜಿನ ಮೇಲೆ. ಹಲಗೆಯ ಅಂಚಿಗೆ ಸಮಾನಾಂತರವಾಗಿ ಗೀರು ಎಳೆಯುವ ಸಾಧನ. ಒಂದು ಕೋಲು, ಅದರ ಮೇಲೆ ಜಾರುವ ಒಂದು ಗಟ್ಟಿ ಬಿಲ್ಲೆ, ಬಿಲ್ಲೆಯನ್ನು ಬೇಕಾದಲ್ಲಿ ಬಿಗಿಯುವ ಬೆಣೆ, ಕೋಲಿನ ತುದಿಯಲ್ಲಿ ಒಂದು ಮುಳ್ಳು. ಇಷ್ಟೇ.

ಬಿಲ್ಲೆಗೆ ಕಾಫಿ ಮರ, 6 ಸೆಂಟಿಮೀಟರ್ ಚೌಕ, ಎರಡು ಬೆರಳಿನಷ್ಟು ದಪ್ಪ. ಅದರ ನಡುವೆ ಚೌಕ ತೂತು ಬೇಕು. ತೂತಿನ ಗುರುತು ಹಾಕಲು ಗೇಜು ಬೇಕು, ಗೇಜು ಇನ್ನೂ ಹುಟ್ಟಿಲ್ಲ! ಇಲ್ಲಿ ಬೆರಳೇ ಗೇಜು. ಸೀಸದಕಡ್ಡಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ನಡುಬೆರಳಿನ ಉಗುರನ್ನು ಅಂಚಿಗೆ ತಾಗಿಸಿ ಜಾರಿಸಿದರೆ ಅಂಚಿಗೆ ಸಮವಾಗಿ ಗೀಟು ಬರುತ್ತದೆ. ಎಲ್ಲ ಬಡಗಿಗಳ ಕೈಯಲ್ಲೂ ಈ ಚಾಳಿ ಇದೆ, ನೋಡಿ. ಎರಡೂ ಮುಖದಲ್ಲಿ ಗುರುತು ಹಾಕಿ, ಬೈರಿಗೆಯಿಂದ ಕೊರೆದು, ಉಳಿಯಿಂದ ಎರಡೂ ಕಡೆಯಿಂದ ನಡುವಿಗೆ ಬರಬೇಕು. ಒಂದೇ ಕಡೆಯಿಂದ ಹೊಡೆದರೆ ಆಚೆ ಬದಿ ಸಿಬಿರೆದ್ದು ಹೋಗುತ್ತದೆ. ನನ್ನ ಮೊದಲ ಬಿಲ್ಲೆ ಹಾಗೇ ಹೋಯಿತು.

ಎರಡನೆಯದೂ ಹೋಯಿತು, ಬೇರೆ ಕಾರಣಕ್ಕೆ. ಕೋಲನ್ನು ಮೊದಲು ಅಂದವಾಗಿ ಮಾಡಿಟ್ಟುಕೊಂಡು, ತೂತನ್ನು ಅದಕ್ಕೆ ಹೊಂದಿಸಲು ಹೋದೆ. ಒಂದು ಚೂರು ಹೆಚ್ಚು ಕೆತ್ತಿದೆ, ಕೋಲು ಗಡಗಡ. ತೂತನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸಲು ಬರುವುದಿಲ್ಲ. ಕೋಲನ್ನಾದರೆ ಹತ್ತರಿಯಿಂದ ಎಳೆ ಎಳೆಯಾಗಿ ಇಳಿಸಬಹುದು. ಆದ್ದರಿಂದ ತೂತು ಮೊದಲು, ಕೋಲು ಆಮೇಲೆ. ಮೂರನೆಯ ಸಲ ಬೀಟೆ ಕಾಲಿನಿಂದ ಸೀಳಿದ ಕೋಲನ್ನು ತುಸು ದಪ್ಪವಾಗೇ ಇಟ್ಟುಕೊಂಡು, ಒಂದೊಂದೇ ಎಳೆ ತೆಗೆದು, ಹೆಬ್ಬೆರಳಿನಲ್ಲಿ ಒತ್ತಿದರೆ ಮಾತ್ರ ಜಾರುವಷ್ಟಕ್ಕೆ ತಂದೆ. ಬೆಣೆಗೆ ಅದೇ ಬೀಟೆಯ ಚೂರು, ಹತ್ತಕ್ಕೆ ಒಂದರ ಇಳಿಜಾರು. ಬಿಲ್ಲೆಯಲ್ಲಿ ಬೆಣೆಯ ದಾರಿಯೂ ಅದೇ ಇಳಿಜಾರಿನಲ್ಲಿರಬೇಕು, ಇಲ್ಲದಿದ್ದರೆ ಒಂದೇ ಚುಕ್ಕೆಯಲ್ಲಿ ಕಚ್ಚಿ, ಕೆಲಸದ ನಡುವೆ ಬಿಟ್ಟುಕೊಡುತ್ತದೆ.

ಮುಳ್ಳಿಗೆ ಮೊದಲು ಮೊಳೆ ಹಾಕಿದ್ದೆ. ದುಂಡು ಮೊನೆ ಎಳೆಯ ಉದ್ದಕ್ಕೆ ಹೇಗೋ ಓಡುತ್ತದೆ, ಅಡ್ಡಕ್ಕೆ ಎಳೆದರೆ ಮರವನ್ನು ಹರಿಯುತ್ತದೆ. ಒಂದು ದಿನ ಕಾಫಿ ಚೀಲ ಹೊಲಿಯುತ್ತಿದ್ದಾಗ ಕೈಯಲ್ಲಿದ್ದ ದಬ್ಬಣವನ್ನೇ ನೋಡುತ್ತ ಕೂತೆ. ಗೋಣಿ ಹೊಲಿಯುವ ದಬ್ಬಣದ ತುದಿ ದುಂಡಲ್ಲ, ಎಲೆಯ ಹಾಗೆ ಚಪ್ಪಟೆ, ಎರಡು ಬದಿಗೂ ಅಂಚು. ಅದೇ ಬೇಕಾದದ್ದು. ಹಳೆಯದೊಂದರ ತುದಿಯನ್ನು ಒಂದು ಅಂಗುಲ ಮುರಿದು, ಕೋಲಿನಲ್ಲಿ ಅದಕ್ಕಿಂತ ತುಸು ಕಿರಿದಾದ ತೂತು ಕೊರೆದು, ಒತ್ತಿ ಕೂರಿಸಿದೆ. ಹೊರಗೆ ಒಂದೂವರೆ ಮಿಲಿಮೀಟರ್ ಕಂಡರೆ ಸಾಕು. ಅದರ ಚಪ್ಪಟೆ ಮೈಯನ್ನು ಬಿಲ್ಲೆಗೆ ಪೂರ್ತಿ ಸಮಾನಾಂತರವಾಗಿ ಇಡದೆ ಕೂದಲೆಳೆಯಷ್ಟು ಓರೆ ಮಾಡಬೇಕು, ಗೀರುತ್ತ ಹೋದಂತೆ ಬಿಲ್ಲೆ ತಾನಾಗಿ ಅಂಚಿಗೆ ಎಳೆದುಕೊಳ್ಳುವ ಹಾಗೆ. ಓರೆ ತಿರುಗುಮುರುಗಾದರೆ ಬಿಲ್ಲೆ ಅಂಚಿನಿಂದ ದೂರ ಸರಿಯುತ್ತದೆ. ಬಳಸುವಾಗ ಮೊದಲ ಎಳೆತ ಬಹಳ ಹಗುರ, ದಾರಿ ತೋರಿಸಲು ಮಾತ್ರ. ಆಳ ಎರಡನೆಯದಕ್ಕೆ, ಮೂರನೆಯದಕ್ಕೆ.

ಆ ಗೇಜಿನ ಮೇಲೆ ಒಂದೂ ಅಂಕೆಯಿಲ್ಲ. ಬೇಕೆಂದೇ ಬರೆದಿಲ್ಲ. ಹಲಗೆಯ ದಪ್ಪಕ್ಕೆ ಬಿಲ್ಲೆಯನ್ನು ತಾಗಿಸಿ ಬೆಣೆ ಬಿಗಿದರೆ ಆ ದಪ್ಪ ಅದರೊಳಗೆ ಕೂತಿತು. ಹದಿನೆಂಟೋ ಹದಿನೆಂಟೂವರೆಯೋ, ನನಗೆ ಗೊತ್ತಾಗಬೇಕಿಲ್ಲ. ಟೇಪು ಹಿಡಿದು ಓದಿ, ನೆನಪಿಟ್ಟು, ಇನ್ನೊಂದು ಕಡೆ ಬರೆಯುವಾಗಲೇ ನನ್ನ ಬಹುಪಾಲು ತಪ್ಪುಗಳು ಹುಟ್ಟುತ್ತಿದ್ದವು. ಅಳತೆ ಬೇರೆ, ಗುರುತು ಬೇರೆ. ಆಚಾರಿ ಕಿಟಕಿಗೆ ಕದ ಮಾಡುವಾಗ ಟೇಪು ತೆಗೆದದ್ದನ್ನು ನಾನು ನೋಡಲಿಲ್ಲ. ಒಂದು ಅಡಿಕೆ ದಬ್ಬೆಯನ್ನು ಚೌಕಟ್ಟಿನೊಳಗೆ ನಿಲ್ಲಿಸಿ, ಎಲ್ಲಿ ಏನಿದೆಯೋ ಅಲ್ಲಲ್ಲಿ ಕಚ್ಚು ಹಾಕಿ, ಆ ದಬ್ಬೆಯನ್ನು ತಂದು ಮರದ ಮೇಲೆ ಮಲಗಿಸಿದರು. ಕಿಟಕಿಯೇ ಎದ್ದು ಬಂದು ಹಲಗೆಯ ಮೇಲೆ ಮಲಗಿದಂತೆ. ಕೇರಳದ ಬಡಗಿಗಳಾದ ತಚ್ಚರ ಅಳತೆಕೋಲು ಮುಳಕ್ಕೋಲಿನಲ್ಲಿ 24 ಅಂಗುಲ; ಅವರ ಅಂಗುಲ ಸುಮಾರು 3 ಸೆಂಟಿಮೀಟರ್, ಹಾಗಾಗಿ ಕೋಲು ನಮ್ಮ ಲೆಕ್ಕದಲ್ಲಿ ಸುಮಾರು 72 ಸೆಂಟಿಮೀಟರ್. ಅದೊಂದು ಕೋಲು ಹಿಡಿದು ಇಡೀ ಮನೆ ಕಟ್ಟಿದವರು ಅವರು.

ಒಮ್ಮೆ ಪರಿಚಯದವರ ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ, ಕೈಯಾಲೆಯ (ಮುಂದಿನ ಜಗಲಿಯ) ಕಂಬವೊಂದನ್ನು ದುರಸ್ತಿಗೆ ಇಳಿಸಿದ್ದರು. ಬುಡ ಗೆದ್ದಲು ತಿಂದಿತ್ತು. ಮೇಲೆ ತೊಲೆಯೊಳಗೆ ಹೊಕ್ಕಿದ್ದ ನಾಲಿಗೆ ಮಾತ್ರ ನಿನ್ನೆ ಕೆತ್ತಿದ ಹಾಗಿತ್ತು. ಅದರ ಹೆಗಲಿನ ಸುತ್ತ, ನಾಲ್ಕೂ ಮುಖದಲ್ಲಿ, ಒಂದು ತೆಳು ಗೀರು. ಕೆತ್ತುವ ಮೊದಲು ಹಾಕಿದ್ದು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತಿತ್ತು. ಬೆರಳಿನ ಉಗುರು ಇಟ್ಟು ಆ ಗೀರಿನ ಸುತ್ತ ಓಡಿಸಿದೆ, ನಾಲ್ಕನೆಯ ಮೂಲೆಯಲ್ಲಿ ಅದು ಹೊರಟಲ್ಲಿಗೇ ಬಂದು ಸೇರಿತು. ಅದನ್ನು ಎಳೆದ ಮಟ್ಟ ಯಾವ ಮರದ್ದಿತ್ತೋ, ಅದನ್ನು ಹಿಡಿದ ಕೈ ಯಾರದ್ದೋ. ಆ ಮಟ್ಟ ನಿಜವಾಗಿತ್ತು ಎಂಬುದಕ್ಕೆ ಸಾಕ್ಷಿ ಮಾತ್ರ ಕಂಬದ ನಾಲಿಗೆಯ ಮೇಲೆ ಉಳಿದಿದೆ. ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಹಲಗೆ ತಿರುಚಿದೆಯೇ ಎಂದು ನೋಡುವ ಜೋಡಿ ಪಟ್ಟಿಗಳನ್ನು ಅದಾದ ಮೇಲೆ ಮಾಡಿದೆ. ಎರಡು ಪಟ್ಟಿ, ಒಂದೇ ಎತ್ತರ, ಒಂದು ಬಿಳಿಚು ಸಿಲ್ವರ್ ಓಕ್, ಇನ್ನೊಂದರ ಮೇಲಂಚಿಗೆ ಅಂಟಿಸಿದ ಬೀಟೆಯ ಕಪ್ಪು ಗೆರೆ. ಹಲಗೆಯ ಎರಡು ತುದಿಗೆ ಅಡ್ಡಲಾಗಿ ಇಟ್ಟು, ಬಗ್ಗಿ, ಒಂದರ ಮೇಲಿನಿಂದ ಇನ್ನೊಂದನ್ನು ನೋಡಬೇಕು. ಕಪ್ಪು ಗೆರೆ ಒಂದು ಬದಿಗೆ ಹೆಚ್ಚು ಕಂಡರೆ ಹಲಗೆ ತಿರುಚಿದೆ. 15 ಸೆಂಟಿಮೀಟರ್ ಅಗಲದ ಹಲಗೆಗೆ 45 ಸೆಂಟಿಮೀಟರ್ ಪಟ್ಟಿ ಇಟ್ಟರೆ ತಿರುಚು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅವುಗಳ ಪರೀಕ್ಷೆಯೂ ಅದೇ: ಎರಡನ್ನೂ ಒಟ್ಟಿಗೆ ಹತ್ತರಿ ಹೊಡೆ, ಒಂದನ್ನು ತಿರುವಿ ಇನ್ನೊಂದಕ್ಕೆ ತಾಗಿಸು, ಬೆಳಕು ನೋಡು.

ಮರದ ಮಟ್ಟವನ್ನು ಕೊಡಗಿನ ಮಳೆಯಲ್ಲಿ ನಂಬಬಹುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜುಲೈಯಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಪೆಟ್ಟಿಗೆಯೊಳಗಿನ ಚರ್ಮದ ಚಪ್ಪಲಿಗೆ ಬೂಸ್ಟು ಬರುತ್ತದೆ, ಮರ ಸುಮ್ಮನಿರುವುದೇ? ಆದರೆ ಕಬ್ಬಿಣಕ್ಕೆ ತುಕ್ಕು ಬರುತ್ತದೆ, ನೆಲಕ್ಕೆ ಬಿದ್ದರೆ ಅದೂ ಓರೆಯಾಗುತ್ತದೆ. ಅದು ಕಬ್ಬಿಣ ಎಂಬ ಧೈರ್ಯಕ್ಕೆ ನಾವು ಪರೀಕ್ಷಿಸುವುದಿಲ್ಲ ಅಷ್ಟೆ. ನನ್ನ ಮಟ್ಟದ ಹಿಡಿಯ ಮೇಲೆ ಸೀಸದಕಡ್ಡಿಯಲ್ಲಿ ತಿಂಗಳುಗಳ ಹೆಸರು ಬರೆಯುತ್ತ ಬಂದಿದ್ದೇನೆ. ಜನವರಿ, ಸರಿ. ಏಪ್ರಿಲ್, ಸರಿ. ಜುಲೈ, ಹೊರಕ್ಕೆ ಒಂದು ಕೂದಲು. ಅಕ್ಟೋಬರ್, ಮರಳಿ ಸರಿ. ಈಗ ಜುಲೈಯ ಕೂದಲನ್ನು ನಾನು ಹತ್ತರಿಯಿಂದ ತಿದ್ದುವುದಿಲ್ಲ. ಅದು ಬಂದ ಹಾಗೆ ಹೋಗುತ್ತದೆ ಎಂದು ಗೊತ್ತಿದೆ. ಕೊಂಡು ತಂದ ಸಾಧನದ ಬಗ್ಗೆ ನನಗೆ ಇಷ್ಟು ತಿಳಿಯುವ ಅವಕಾಶವೇ ಇರಲಿಲ್ಲ.

ಸೆಪ್ಟೆಂಬರ್ ಮೊದಲಿಗೆ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕತ್ತಿ, ಕೋವಿಗಳಿಗೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆಗೆ ಇಡುವಾಗ, ಗೇಜನ್ನೂ ಮಟ್ಟವನ್ನೂ ಪಕ್ಕದಲ್ಲಿ ಇಡುತ್ತೇನೆ. ಮೊದಲ ವರ್ಷ ಮನೆಯವರು ಏನಿದು ಎಂದು ಕೇಳಿದ್ದರು. ಈಗ ಅವುಗಳಿಗೂ ಒಂದು ಹೂವು ಅವರೇ ತೆಗೆದಿಡುತ್ತಾರೆ.

ಕಾಫಿ ಕೋಣೆಯ ಆ ಕಿಟಕಿಗೆ ಹೊಸ ಕದ ಮಾಡಿದ್ದು ಕಳೆದ ಮಾರ್ಚ್‌ನಲ್ಲಿ. ದಬ್ಬೆಯಲ್ಲಿ ಅಳತೆ, ಹಲಸಿನ ಮರ, ನನ್ನ ಮಟ್ಟ, ನನ್ನ ಗೇಜು. ಬೇಸಿಗೆಯಿಡೀ ಒಂದು ಬೆರಳಲ್ಲಿ ಮುಚ್ಚುತ್ತಿತ್ತು. ಜುಲೈ ಎರಡನೇ ವಾರ ಕೆಳಗೆ ಸ್ವಲ್ಪ ಬಿಗಿಯಾಯಿತು. ಹತ್ತರಿ ಕೈಗೆ ತೆಗೆದುಕೊಂಡವನು ಮೊದಲು ಮಟ್ಟವನ್ನು ತಿರುವಿ ಇಟ್ಟು ನೋಡಿದೆ. ಎಂದಿನ ಅದೇ ಒಂದು ಕೂದಲು. ಈ ಸಲ ಮಳೆಯದ್ದೇ. ಹತ್ತರಿಯನ್ನು ಒಳಗಿಟ್ಟು, ಕದವನ್ನು ಭುಜದಲ್ಲಿ ತುಸು ಒತ್ತಿ ಮುಚ್ಚಿದೆ.